ಸಂಗೀತವೂ ದಾಸೋಹವೂ

(ಶ್ರೀಮಠದ ಸುವರ್ಣ ಮಹೋತ್ಸವದ ಮೂರನೆಯ ದಿನ, ಉಚಿತ ಪ್ರಸಾದನಿಲಯದ ಸಹಾಯಾರ್ಥವಾಗಿ ಏರ್ಪಟ್ಟ ಸಂಗೀತಸೇವೆಗೆ ಮೊದಲು ಮಾಡಿದ ಭಾಷಣ)

ನನಗೆ ಒಪ್ಪಿಸಿದ ನಾಲ್ಕು ಮಾತುಗಳನ್ನು ಆಡಿ ಮುಗಿಸುತ್ತೇನೆ. ಇನ್ನು ಸ್ವಲ್ಪ ಹೊತ್ತಿಗೆ ಈ ವೇದಿಕೆಯ ಮೇಲೆ ತಂಬೂರಿಗಳು ಶ್ರುತಿಗೂಡಲಿವೆ. ಹಾಡುವವರು ಬಂದು ಕುಳಿತ ಮೇಲೆ ಮಾತನಾಡುವವನ ಕಡೆಗೆ ಯಾರ ಕಿವಿಯೂ ಇರುವದಿಲ್ಲವೆಂಬದನ್ನು ಅನುಭವದಿಂದ ಬಲ್ಲೆನು. ನಾನು ಗವಾಯಿಯಲ್ಲ, ಪಂಡಿತನೂ ಅಲ್ಲ. ಮೂವತ್ತೈದು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಓದು ಬರಹ ಕಲಿಸಿ, ಸೋಮವಾರ ಸಂಜೆ ಶ್ರೀಮಠದ ಭಜನೆಯಲ್ಲಿ ಪೇಟಿ ನುಡಿಸುತ್ತ ಬಂದವನು. ಆದುದರಿಂದ ರಾಗಗಳ ವಿಷಯವಾಗಿ ನಾನೇನೂ ಹೇಳೆನು. ಹಾಡಿನಿಂದ ಬಂದ ಹಣದ ವಿಷಯವಾಗಿ ಮಾತ್ರ ಹೇಳುವವನಿದ್ದೇನೆ.

ಮಹೋತ್ಸವ ಮಂಡಳಿಯ ಸಭೆಯಲ್ಲಿ ಪ್ರಸಾದನಿಲಯದ ಹೊಸ ಕೋಣೆಗಳಿಗಾಗಿ ಒಂದು ಸಂಗೀತದ ಬೈಠಕನ್ನು ನಡೆಯಿಸಬೇಕೆಂಬ ಸೂಚನೆ ಬಂದಾಗ, ನಮ್ಮಲ್ಲಿಯೇ ವಯೋವೃದ್ಧರಾದ ಭಕ್ತರೊಬ್ಬರು ಎದ್ದು ನಿಂತು ಒಂದು ಪ್ರಶ್ನೆಯನ್ನು ಹಾಕಿದರು. “ಮಠಕ್ಕೆ ಕೊಡುವ ಮನಸ್ಸಿದ್ದವನು ಹಾಡಿಲ್ಲದೆಯೂ ಕೊಡುತ್ತಾನೆ. ಹಾಡು ಕೇಳಿ ಕೊಟ್ಟದ್ದು ದಾನ ಹೇಗಾದೀತು? ಅದು ಚೀಟಿಯ ಬೆಲೆ” ಎಂದರು. ಸಭೆಯಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಆ ಪ್ರಶ್ನೆಯಲ್ಲಿ ತೂಕವಿತ್ತು. ಅಂದಿನಿಂದ ಇಂದಿನವರೆಗೂ ಅದು ನನ್ನ ಬೆನ್ನು ಬಿಟ್ಟಿಲ್ಲ.

ಶರಣರ ಚರಿತ್ರೆಯನ್ನು ತೆರೆದು ನೋಡಿದರೆ ಅಲ್ಲಿ ಕಿನ್ನರಿ ಬ್ರಹ್ಮಯ್ಯಗಳು ಕಾಣುತ್ತಾರೆ. ತ್ರಿಪುರಾಂತಕನ ಸನ್ನಿಧಿಯಲ್ಲಿ ಕಿನ್ನರಿಯನ್ನು ನುಡಿಸಿ, ಅದರಿಂದ ಬಂದ ಹೊನ್ನಿನಿಂದ ಜಂಗಮ ದಾಸೋಹವನ್ನು ನಡೆಯಿಸಿದರೆಂದು ಅವರ ಕಥೆ ಹೇಳುತ್ತದೆ. ಒಕ್ಕಲಿಗನಿಗೆ ನೇಗಿಲು ಹೇಗೋ ನೇಕಾರನಿಗೆ ಮಗ್ಗ ಹೇಗೋ ಹಾಗೆ ಅವರಿಗೆ ಕಿನ್ನರಿ. ಕಾಯಕದಿಂದ ಬಂದ ಕಾಳಿಗೆ ದಾಸೋಹದಲ್ಲಿ ಸ್ಥಾನವಿರುವಾಗ ಕಾಯಕದಿಂದ ಬಂದ ಹಾಡಿಗೇಕೆ ಇರಬಾರದು? ಹಾಡುವವನ ಕಡೆಯಿಂದ ನೋಡಿದರೆ ಪ್ರಶ್ನೆಗೆ ಉತ್ತರ ಸುಲಭವಾಗಿಯೇ ಸಿಕ್ಕಿತು. ಕೇಳುವವನ ಕಡೆಯಿಂದಲೂ, ನಡುವೆ ನಿಂತು ಹಣ ಎಣಿಸುವವನ ಕಡೆಯಿಂದಲೂ ನೋಡಿದರೆ ಅದು ಅಷ್ಟು ಸುಲಭವಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ.

ಈ ವಿಷಯದಲ್ಲಿ ನಮ್ಮ ಕಣ್ಣೆದುರಿಗೇ ಇರುವ ದೊಡ್ಡ ಉದಾಹರಣೆ ಗದಗಿನದು. ಹಾನಗಲ್ಲ ಕುಮಾರ ಮಹಾಸ್ವಾಮಿಗಳವರು 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹಾನುಭಾವರೆಂಬದು ನಿಮಗೆ ತಿಳಿದದ್ದೇ. ಅದೇ ಮಹಾನುಭಾವರು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಒಬ್ಬ ಹುಟ್ಟುಕುರುಡ ಬಾಲಕನ ಕಂಠವನ್ನು ಕೇಳಿ, ಅವನನ್ನು ತಮ್ಮ ಕೃಪೆಯಲ್ಲಿ ತೆಗೆದುಕೊಂಡು ಸಂಗೀತವನ್ನು ಕಲಿಸಿದರು. ಆ ಕಾಲಕ್ಕೆ ಕಣ್ಣಿಲ್ಲದ ಹುಡುಗನ ಪಾಡು ಏನಿತ್ತು? ಮನೆಯ ಮೂಲೆ, ಇಲ್ಲವೆ ಜಾತ್ರೆಯ ಹಾದಿಯಲ್ಲಿ ಹಾಸಿದ ಅರಿವೆ. ಆ ಬಾಲಕನು ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತನಾಗಿ, ಉಭಯಗಾನ ವಿಶಾರದ ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆ ಪರಿಚಿತನಾದನು.

ತಾವು ಕಲಿತದ್ದನ್ನು ತಮ್ಮಂತೆಯೇ ಕಣ್ಣಿಲ್ಲದವರಿಗೂ ದಿಕ್ಕಿಲ್ಲದವರಿಗೂ ಧಾರೆಯೆರೆಯುವದನ್ನು ಅವರು ವ್ರತವಾಗಿ ಹಿಡಿದರು. ಅವರ ಪಾಠಶಾಲೆಗೆ ಮೊದಲಿನಲ್ಲಿ ಗೋಡೆಗಳೇ ಇರಲಿಲ್ಲ. ಗುರುಗಳೂ ಶಿಷ್ಯರೂ ಊರಿಂದೂರಿಗೆ ನಡೆಯುವ ಸಂಚಾರಿ ಪಾಠಶಾಲೆ ಅದು. ಒಂದು ಊರಿನ ಮಠದಲ್ಲಿಯೋ ಗುಡಿಯಲ್ಲಿಯೋ ಬಿಡಾರ; ಬೆಳಗ್ಗೆ ಪಾಠ, ಸಂಜೆ ಊರವರೆದುರಿಗೆ ಹಾಡು; ಆ ಊರಿನವರು ಕೊಟ್ಟ ಜೋಳ, ಅಕ್ಕಿ, ಬೇಳೆಗಳಿಂದ ಮಕ್ಕಳ ಊಟ. ಹೀಗೆ ಹಳ್ಳಿಯ ಬಡ ಒಕ್ಕಲಿಗನು ಉತ್ತಮ ಗಾನವನ್ನು ಕೇಳಿದನು, ಕೇಳಿಸಿದ ಮಗುವು ಉಂಡಿತು. ಇಲ್ಲಿ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂದು ನೀವೇ ವಿಚಾರ ಮಾಡಿರಿ.

ಮಕ್ಕಳ ಸಂಖ್ಯೆ ಬೆಳೆದಂತೆ ಭಿಕ್ಷೆಯ ಕಾಳು ಸಾಲದಾಯಿತು. ಆಗ ಗವಾಯಿಗಳು ನಾಟಕ ಮಂಡಳಿಯನ್ನು ಕಟ್ಟಿದರು. ಕಂಪನಿ ನಾಟಕಗಳ ಆ ಕಾಲವನ್ನು ಬಲ್ಲವರ ಬಾಯಿಂದ ಕೇಳಿದವರಿಗೆ ಇದರ ಧೈರ್ಯ ತಿಳಿದೀತು. ಪರದೆ, ದೀಪ, ಉಡಿಗೆ ತೊಡಿಗೆ, ಬಂಡಿಯ ಬಾಡಿಗೆ ಎಲ್ಲಕ್ಕೂ ಮೊದಲೇ ಹಣ ಬೇಕು. ಎರಡು ದಿನ ಮಳೆ ಹಿಡಿದರೆ ಆಟವಿಲ್ಲ, ಆಟವಿಲ್ಲದಿದ್ದರೆ ಹುಟ್ಟುವಳಿಯಿಲ್ಲ, ಉಣ್ಣುವ ಬಾಯಿಗಳು ಮಾತ್ರ ಅಷ್ಟೇ. ವಿರಕ್ತಭಾವದ ಒಬ್ಬ ಗುರುವು ನಾಟಕದವರ ನಡುವೆ ನಿಲ್ಲುವದೇ ಎಂದು ಹುಬ್ಬುಗಂಟಿಕ್ಕಿದವರೂ ಇದ್ದಿರಬಹುದು. ಆದರೆ ಆ ಮಂಡಳಿಯಲ್ಲಿ ಹಾಡಿದವರು, ಪೇಟಿ ತಬಲಾ ನುಡಿಸಿದವರು, ಬಣ್ಣ ಹಚ್ಚಿದವರು ಬಹುತೇಕ ಆ ಪಾಠಶಾಲೆಯ ಶಿಷ್ಯರೇ. ಅವರಲ್ಲಿಯೇ ಒಬ್ಬರು, ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಕೈಗೂಸಾಗಿದ್ದಾಗಲೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜರು. ನಾಟಕದಲ್ಲಿ ಪಾತ್ರ ಮಾಡಿ, ನಾಟಕಗಳನ್ನು ರಚಿಸಿ, ಹಲವು ವಾದ್ಯಗಳನ್ನು ಕರಗತ ಮಾಡಿಕೊಂಡು, 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಅವರು ಗದಗಿನ ವೀರೇಶ್ವರ ಪುಣ್ಯಾಶ್ರಮದ ಭಾರವನ್ನು ಹೊತ್ತರು. 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ, ಅರವತ್ತಾರು ವರ್ಷ, ಆ ಭಾರವನ್ನು ಇಳಿಸಲಿಲ್ಲ. ಭಕ್ತರು ಊರೂರಿಗೆ ಅವರನ್ನು ಕರೆಯಿಸಿ ತುಲಾಭಾರ ಮಾಡಿದರು; ತಕ್ಕಡಿಯಲ್ಲಿ ತೂಗಿದ್ದೆಲ್ಲ ಆಶ್ರಮದ ಮಕ್ಕಳ ಪಾಲಾಯಿತು.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. 1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ನಡೆಯಿತು. ಅಲ್ಲಿ ಪಂಚಾಕ್ಷರಿ ಗವಾಯಿಗಳ ಶಿಷ್ಯನಾದ ತರುಣನೊಬ್ಬನು ಹಾಡಲು ಕುಳಿತನು. ಅವನಿಗೆ ತಬಲಾ ಸಾಥಿಗೆ ಕುಳಿತವರು ಯಾರು? ಸ್ವತಃ ಗುರುಗಳು! ಶಿಷ್ಯನು ಮುಂದೆ, ಗುರುಗಳು ಪಕ್ಕಕ್ಕೆ. ಆ ತರುಣರೇ ಮುಂದೆ ನಾಡಿನ ಹಿರಿಯ ಗಾಯಕರಾದ ಬಸವರಾಜ ರಾಜಗುರುಗಳು. ಅವರು ಕಣ್ಣುಳ್ಳವರು. ಆಶ್ರಮವು ಕಣ್ಣಿಲ್ಲದವರಿಗೆ ಮಾತ್ರ ಮೀಸಲಾದುದಲ್ಲ, ಬಡತನವಿದ್ದರೆ ಸಾಕು. ಇಂದು ದೇಶದಲ್ಲೆಲ್ಲ ಹಾಡುತ್ತಿರುವ ವೆಂಕಟೇಶಕುಮಾರರೂ ಬಾಲ್ಯದಲ್ಲಿ ಅಲ್ಲಿಗೆ ಸೇರಿ, ಹನ್ನೆರಡು ವರ್ಷ ಆಶ್ರಮದ ಅನ್ನವನ್ನುಂಡು ಪುಟ್ಟರಾಜರಲ್ಲಿ ಕಲಿತವರೇ.

ಗದಗಿನ ಈ ಪದ್ಧತಿಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಅಂಶ ಒಂದೇ. ಯಾರ ಸಲುವಾಗಿ ಹಣ ಕೂಡಿಸುವದಿತ್ತೋ ಅವರನ್ನು ವೇದಿಕೆಯ ಮೇಲೆ ನಿಲ್ಲಿಸಿ, “ಇವರು ಅನಾಥರು, ನೋಡಿರಿ, ಮರುಗಿರಿ” ಎಂದು ಅಲ್ಲಿ ಕೂಗಲಿಲ್ಲ. ಅವರ ಕೈಯಲ್ಲಿ ತಂಬೂರಿಯನ್ನು ಕೊಟ್ಟರು. ಕೇಳುವವನು ಕನಿಕರದಿಂದ ಬಂದಿದ್ದರೂ, ಎದ್ದು ಹೋಗುವಾಗ ಋಣಿಯಾಗಿ ಹೋದನು.

ಕಡಲಾಚೆಯ ಒಂದು ವೃತ್ತಾಂತವೂ ಇದಕ್ಕೆ ಹತ್ತಿರವಾದುದರಿಂದ ಅದನ್ನು ಹೇಳುತ್ತೇನೆ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ 1742ನೆಯ ಇಸವಿಯ ಏಪ್ರಿಲ್ 13ರಂದು, ಹ್ಯಾಂಡೆಲ್ ಎಂಬ ಪ್ರಖ್ಯಾತ ಸಂಗೀತಗಾರನು ತಾನು ರಚಿಸಿದ ‘ಮೆಸ್ಸಾಯ’ ಎಂಬ ದೀರ್ಘ ಗಾನಪ್ರಬಂಧವನ್ನು ಮೊದಲ ಸಲ ಜನರೆದುರಿಗೆ ಹಾಡಿಸಿದನು. ಅದರ ಉತ್ಪನ್ನವು ಮೂರು ಸತ್ಕಾರ್ಯಗಳಿಗೆಂದು ಮೊದಲೇ ನಿಶ್ಚಯವಾಗಿತ್ತು: ಎರಡು ಆಸ್ಪತ್ರೆಗಳಿಗೂ, ಸಾಲ ತೀರಿಸಲಾರದೆ ಸೆರೆಮನೆ ಸೇರಿದ ಬಡವರಿಗೂ. ಅಲ್ಲಿನ ಎರಡು ದೊಡ್ಡ ಇಗರ್ಜಿಗಳ ಗಾಯಕರು ಹಾಡಬೇಕಾಗಿತ್ತು. ಅವುಗಳಲ್ಲಿ ಒಂದರ ಮುಖ್ಯಾಧಿಕಾರಿ, ಇಂಗ್ಲಿಷ್ ಸಾಹಿತ್ಯದಲ್ಲಿ ಹೆಸರಾಂತ ಸ್ವಿಫ್ಟ್ ಪಂಡಿತನು, ಕೆಲವೇ ತಿಂಗಳ ಹಿಂದೆ, ತನ್ನ ಗಾಯಕರು ಹೊರಗಿನ ಪಿಟೀಲಿನವರ ಕೂಟದಲ್ಲಿ ಹಾಡಕೂಡದೆಂದು ಕಟ್ಟಪ್ಪಣೆ ಮಾಡಿದ್ದನು. ಆ ಅಪ್ಪಣೆ ಕೊನೆಗೆ ಸಡಿಲವಾಯಿತು. ನಮ್ಮ ಮಂಡಳಿಯ ಹಿರಿಯರಂಥವರು ಎಲ್ಲ ದೇಶಗಳಲ್ಲಿಯೂ ಇರುತ್ತಾರೆಂದು ಕಂಡು ನನಗೆ ಸಂತೋಷವೇ ಆಯಿತು. ಹೆಚ್ಚು ಜನ ಹಿಡಿಯಲೆಂದು, ಹೆಂಗಸರು ಬಳೆಕಟ್ಟಿನ ಅಗಲವಾದ ಲಂಗಗಳನ್ನು ಉಡದೆಯೂ ಗಂಡಸರು ಸೊಂಟದ ಕತ್ತಿಗಳನ್ನು ಮನೆಯಲ್ಲಿಟ್ಟೂ ಬರಬೇಕೆಂದು ವಿನಂತಿ ಮಾಡಿದ್ದರು. ಸುಮಾರು 700 ಜನ ಕೂಡಿದರು. ಸುಮಾರು 400 ಪೌಂಡು ಹಣ ಬಂದಿತು, ಮತ್ತು 142 ಜನ ಸಾಲಗಾರರ ಸೆರೆ ಬಿಟ್ಟಿತು. ಹಾಡು ಕೇಳಿ ಕೊಟ್ಟದ್ದು ದಾನವೋ ಬೆಲೆಯೋ ಎಂದು ಆ 142 ಜನರನ್ನು ಕೇಳಬಹುದಾಗಿತ್ತು.

ಮುಂದೆ 1750ರಿಂದ ಲಂಡನ್ ನಗರದ ಅನಾಥ ಶಿಶುಗಳ ಆಶ್ರಯಾಲಯಕ್ಕಾಗಿ ಅದೇ ಪ್ರಬಂಧವು ವರ್ಷಂಪ್ರತಿ ಹಾಡಲ್ಪಟ್ಟಿತು. ಹ್ಯಾಂಡೆಲನು ತೀರಿಕೊಂಡ ಮೇಲೂ ಅದು ನಡೆದು, ಒಟ್ಟಿನಲ್ಲಿ ಏಳು ಸಾವಿರ ಪೌಂಡುಗಳ ಸಮೀಪಕ್ಕೆ ಮುಟ್ಟಿತು. ನನಗೆ ಹಣದ ಮೊತ್ತಕ್ಕಿಂತ ಅಲ್ಲಿಯ ಒಂದು ಲೆಕ್ಕದ ಹಾಳೆ ದೊಡ್ಡದಾಗಿ ಕಂಡಿತು. 1754ರ ಕಾರ್ಯಕ್ರಮದ ಖರ್ಚಿನ ಲೆಕ್ಕವು ಇಂದಿಗೂ ಉಳಿದಿದೆ. ಅದರಲ್ಲಿ ಪಿಟೀಲಿನವರಿಗೆ ಇಷ್ಟು, ಊದುವ ವಾದ್ಯದವರಿಗೆ ಇಷ್ಟು, ಹಾಡಿದವರಿಗೆ ಇಷ್ಟು ಎಂದು ಬರೆದಿದೆ. ಹ್ಯಾಂಡೆಲನು ತಾನು ಏನನ್ನೂ ತೆಗೆದುಕೊಳ್ಳಲಿಲ್ಲ. ತನ್ನ ಪಾಲನ್ನು ಬಿಡುವ ಅಧಿಕಾರ ತನಗುಂಟು. ಸಾಥಿಯವನ ಕೂಲಿಯನ್ನು ಬಿಡಿಸುವ ಅಧಿಕಾರ ತನಗಿಲ್ಲ — ಆ ಹಾಳೆಯನ್ನು ನಾನು ಹೀಗೆ ಓದಿಕೊಂಡೆನು.

ಹೀಗೆ ಓದಿಕೊಳ್ಳುವದಕ್ಕೆ ಕಾರಣವಿದೆ. ಅದನ್ನು ಇಂದು ಈ ಸನ್ನಿಧಿಯಲ್ಲಿ ಹೇಳಿಬಿಡುತ್ತೇನೆ.

ಬಹಳ ವರ್ಷಗಳ ಹಿಂದೆ, ನಾನು ಕೆಲಸಕ್ಕಿದ್ದ ಒಂದು ಊರಿನಲ್ಲಿ ಶಾಲೆಯ ಮಾಡು ಸೋರುತ್ತಿತ್ತು. ಹೆಂಚು ಹೊದಿಸುವದಕ್ಕಾಗಿ ಸಹಾಯಾರ್ಥ ಗಾಯನವನ್ನು ಏರ್ಪಡಿಸಿದೆವು. ಮುಂದಾಳು ನಾನೇ. ಹಾಡುವವರು ಉದಾರಿಗಳು, ಬಿದಾಗಿ ಬೇಡವೆಂದರು. ಆ ಒಂದು ಮಾತಿನಿಂದ ನಮಗೆ ಹುರುಪು ಬಂದು, ಉಳಿದುದೆಲ್ಲವನ್ನೂ ದೊಡ್ಡದಾಗಿ ಮಾಡಿದೆವು. ಹಂದರವನ್ನು ದೊಡ್ಡದಾಗಿ ಹಾಕಿಸಿದೆವು, ದೀಪಗಳ ಸಾಲು ಕಟ್ಟಿಸಿದೆವು, ಬಣ್ಣದ ಕರಪತ್ರಗಳನ್ನು ಅಚ್ಚು ಹಾಕಿಸಿದೆವು, ಊರ ಪ್ರಮುಖರಿಗೆಲ್ಲ ಶಾಲು ಹೊದಿಸಿ ಹಾರ ಹಾಕಿದೆವು. ಜನ ಕಿಕ್ಕಿರಿದು ಸೇರಿದರು, ಗಾಯನವು ಬೆಳಗಿನ ಜಾವದವರೆಗೆ ನಡೆಯಿತು. ಮರುದಿನ ಲೆಕ್ಕಕ್ಕೆ ಕುಳಿತಾಗ ಹಂದರದವನದು, ದೀಪದವನದು, ಅಚ್ಚುಕೂಟದ್ದು ತೀರಿಸುವಷ್ಟರಲ್ಲಿ ಪೆಟ್ಟಿಗೆ ಬರಿದಾಯಿತು. ತಬಲಾ ನುಡಿಸಿದವನು ಪಕ್ಕದ ಊರಿನ ಬಡವ. ಅವನಿಗೆ ಕೊಡುವದು ಉಳಿಯಿತು. “ಧರ್ಮದ ಕೆಲಸ, ಅವನೂ ಸೇವೆ ಮಾಡಿದಂತಾಯಿತು” ಎಂದು ಯಾರೋ ಅಂದರು; ನಾನು ಹೌದೆಂದೆನು. ಅವನನ್ನು ಕೇಳಿದವರು ಯಾರೂ ಇಲ್ಲ. ಸಂತೆಯಲ್ಲಿ ಅವನು ದೂರದಿಂದ ಕಂಡರೆ ನಾನು ಹಾದಿ ಬದಲಿಸುತ್ತಿದ್ದೆನು.

ವರ್ಷ ತುಂಬಿದ ಮೇಲೆ ಮನಸ್ಸು ತಡೆಯದೆ, ನನ್ನ ಪಗಾರದ ಹಣವನ್ನು ತೆಗೆದುಕೊಂಡು ಅವನ ಮನೆಗೆ ಹೋದೆನು. ಅವನು ತಬಲಾದ ವಾದಿಯನ್ನು ಬಿಗಿಯುತ್ತ ಕುಳಿತಿದ್ದನು. ಹಣವನ್ನು ತೆಗೆದುಕೊಂಡು ಎಣಿಸಿ, ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಕಿಸೆಯಲ್ಲಿಟ್ಟನು. “ಲೆಕ್ಕ ಮುಗೀತ್ರಿ ಮಾಸ್ತರ” ಎಂದನು. ನನಗೆ ಹಗುರವಾಯಿತು. ಎದ್ದು ಬಾಗಿಲಿಗೆ ಬಂದಾಗ ಹಿಂದಿನಿಂದ ಕೇಳಿದನು: “ಸಾಲಿಗೆ ಹೆಂಚು ಎಷ್ಟು ಬಂದ್ವುರಿ?”

ಒಂದು ಹೆಂಚೂ ಬಂದಿರಲಿಲ್ಲ. ಆ ಮಳೆಗಾಲದಲ್ಲಿಯೂ ಮಕ್ಕಳು ಸೋರುವ ಮಾಡಿನ ಕೆಳಗೇ ಕುಳಿತಿದ್ದರು. ಅವನಿಗೆ ಉತ್ತರ ಕೊಡದೆಯೇ ನಾನು ಅಂಗಳ ದಾಟಿದೆನು.

ಇಂಥ ತಪ್ಪು ಹಳ್ಳಿಯ ಮಾಸ್ತರನಿಂದ ಮಾತ್ರ ಆಗುವಂಥದಲ್ಲ. 1970ರ ನವೆಂಬರದಲ್ಲಿ ಪೂರ್ವ ಬಂಗಾಲವನ್ನು ಭೀಕರ ಚಂಡಮಾರುತವು ಹಾಳುಗೆಡವಿತು. ಮರುವರ್ಷ ಯುದ್ಧದ ದೆಸೆಯಿಂದ ಲಕ್ಷಗಟ್ಟಲೆ ನಿರಾಶ್ರಿತರು ಭಾರತಕ್ಕೆ ಬಂದರು. ತಮ್ಮ ಪೂರ್ವಿಕರ ಬಂಗಾಲದ ಸಂಕಟಕ್ಕೆ ಕರಗಿದ ಸಿತಾರದ ರವಿಶಂಕರರು ತಮ್ಮ ಶಿಷ್ಯನೂ ಮಿತ್ರನೂ ಆದ ಜಾರ್ಜ್ ಹ್ಯಾರಿಸನ್ ಎಂಬ ಆಂಗ್ಲ ಗಾಯಕನ ಮುಂದೆ ಅದನ್ನು ತೋಡಿಕೊಂಡರು. 1971ರ ಆಗಸ್ಟ್ 1ರಂದು ನ್ಯೂಯಾರ್ಕ್ ನಗರದಲ್ಲಿ ಎರಡು ಕಚೇರಿಗಳು ನಡೆದವು. ರವಿಶಂಕರರು, ಸರೋದಿನ ಅಲಿ ಅಕಬರಖಾನರು, ತಬಲಾದ ಅಲ್ಲಾರಖಾ ಅವರು ಮೊದಲು ಕುಳಿತರು. ಎರಡು ಹೊತ್ತು ಕೂಡಿ ಸುಮಾರು ನಲವತ್ತು ಸಾವಿರ ಜನ ಸೇರಿದ್ದರು. ಬಾಗಿಲ ಹುಟ್ಟುವಳಿಯಾದ ಎರಡು ಲಕ್ಷ ನಲವತ್ತಮೂರು ಸಾವಿರ ಡಾಲರುಗಳಿಗೂ ಮೇಲ್ಪಟ್ಟ ಹಣವು ಮಕ್ಕಳ ನೆರವಿನ ರಾಷ್ಟ್ರಸಂಘದ ಸಂಸ್ಥೆಗೆ ಸಂದಿತು. ಆದರೆ ಆ ಗಾಯನದ ಮುದ್ರಿಕೆಗಳ ಮಾರಾಟದಿಂದ ಬಂದ ದೊಡ್ಡ ಮೊತ್ತವು ಸುಮಾರು ಹತ್ತು ವರ್ಷ ಅಮೇರಿಕದ ತೆರಿಗೆಯ ತಕರಾರಿನಲ್ಲಿ ಸಿಕ್ಕಿಕೊಂಡಿತು. ಏಕೆಂದರೆ, ಹಾಡುವ ಅವಸರದಲ್ಲಿ, ಹಣವು ಯಾವ ಸಂಸ್ಥೆಯ ಹೆಸರಿನಲ್ಲಿ ಯಾವ ರೀತಿಯಿಂದ ಹೋಗಬೇಕೆಂಬ ಕಾಗದವನ್ನು ಮೊದಲೇ ಮಾಡಿಕೊಂಡಿರಲಿಲ್ಲ. ಹಸಿದ ಕೂಸು ಹತ್ತು ವರ್ಷ ಕಾಯುವದಿಲ್ಲ. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲವೆಂದು ಎಲ್ಲರೂ ಬಲ್ಲರು, ನನ್ನಲ್ಲಿಯೂ ಕಪಟವಿರಲಿಲ್ಲ. ಅದರಿಂದ ಹೆಂಚು ಬರಲಿಲ್ಲ, ಅಷ್ಟೆ.

ಇದಕ್ಕೆ ಪ್ರತಿಯಾಗಿ ಎಂ. ಎಸ್. ಸುಬ್ಬುಲಕ್ಷ್ಮಿಯವರನ್ನು ನೆನೆಯಬೇಕು. 1944ರಲ್ಲಿ ಕಸ್ತೂರಬಾ ಸ್ಮಾರಕ ನಿಧಿಗಾಗಿ ಹಾಡಿದ್ದು ಮೊದಲ್ಗೊಂಡು ಆಸ್ಪತ್ರೆ, ಪಾಠಶಾಲೆ, ದೇವಾಲಯಗಳಿಗಾಗಿ ಆ ಮಹಾತಾಯಿಯು ಮಾಡಿದ ಸಹಾಯಾರ್ಥ ಕಚೇರಿಗಳು ನೂರಕ್ಕೂ ಮಿಕ್ಕಿದವು. 1974ರಲ್ಲಿ ಅವರಿಗೆ ಮ್ಯಾಗ್ಸೆಸೆ ಪುರಸ್ಕಾರವು ಬಂದದ್ದು ಗಾನಕಲೆಯ ಹೆಸರಿನಲ್ಲಿ ಅಲ್ಲ, ಲೋಕಸೇವೆಯ ಹೆಸರಿನಲ್ಲಿ. ಆಸ್ಪತ್ರೆಯ ಹಾಸಿಗೆಯೂ ಹುಡುಗನ ಪುಸ್ತಕವೂ ಆ ಕಂಠದ ಲೆಕ್ಕದಲ್ಲಿ ಸೇರುತ್ತವೆಂದು ಹೊರದೇಶದವರಿಗೂ ತಿಳಿದಿತ್ತು.

ಇನ್ನು ನಮ್ಮ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಚೀಟಿಯ ಬೆಲೆಯು ದಾನವಾಗುವದು ಕೇಳುವವನು ಹಣ ಕೊಟ್ಟಾಗ ಅಲ್ಲ. ಆ ಹಣವು ಮುಟ್ಟಬೇಕಾದಲ್ಲಿ ಮುಟ್ಟಿದಾಗ. ನಡುವೆ ಅದು ಹಂದರದಲ್ಲಿ ಸೋರಿದರೆ ಅವರೆಂದದ್ದೇ ನಿಜ, ಅದು ಬರಿಯ ಚೀಟಿಯ ಬೆಲೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ತಂದಲ್ಲಿಯೇ ಚೆಲ್ಲಿ ಬರಲು ಹೇಳಿದ ಕಥೆಯನ್ನು ನಾವು ಮಕ್ಕಳಿಗೆಲ್ಲ ಹೇಳುತ್ತೇವೆ. ಆ ಮನೆಯಲ್ಲಿ ಅಕ್ಕಿಯ ಲೆಕ್ಕವು ಪೂಜೆಯ ಒಂದು ಅಂಗವಾಗಿತ್ತು. ಸಹಾಯಾರ್ಥ ಗಾಯನ ನಡೆಯಿಸುವ ಮಂಡಳಿಗಳಲ್ಲಿ ಒಬ್ಬ ಲಕ್ಕಮ್ಮನಾದರೂ ಇರಬೇಕೆಂದು ನಾನು ಬಯಸುತ್ತೇನೆ.

ಆದುದರಿಂದ ಇಂದಿನ ಏರ್ಪಾಡನ್ನು ನಿಮ್ಮ ಮುಂದೆ ಇಡುತ್ತೇನೆ. ಹಂದರ, ದೀಪ, ಧ್ವನಿವರ್ಧಕಗಳ ಖರ್ಚನ್ನು ನಾಲ್ವರು ಭಕ್ತರು ಮೊದಲೇ ಹೊತ್ತಿದ್ದಾರೆ. ಅವರ ಹೆಸರನ್ನು ಹೇಳಬಾರದೆಂದು ಅವರ ಅಪ್ಪಣೆ. ತಬಲಾ, ಪೇಟಿ, ಸಾರಂಗಿಯವರ ಸಂಭಾವನೆಯು ಇಂದು ಬೆಳಗ್ಗೆ, ಒಂದು ಚೀಟಿಯೂ ಮಾರುವದಕ್ಕಿಂತ ಮೊದಲು, ಅವರ ಕೈಸೇರಿದೆ. ಹಾಡುವವರು ತಮ್ಮದನ್ನು ತಾವಾಗಿ ಬಿಟ್ಟುಕೊಟ್ಟಿದ್ದಾರೆ. ಶಾಲುಗಳಿಲ್ಲ, ಹಾರಗಳಿಲ್ಲ, ಇದರಿಂದ ಯಾರಿಗಾದರೂ ಮನಸ್ಸಿಗೆ ನೋವಾಗಿದ್ದರೆ ಅದರ ದೋಷವು ನನ್ನದು. ಚೀಟಿಯ ಹಣವೂ ಬಾಗಿಲ ಬಳಿಯ ಪೆಟ್ಟಿಗೆಯ ಕಾಣಿಕೆಯೂ ಇಡಿಯಾಗಿ ಪ್ರಸಾದನಿಲಯದ ಕೋಣೆಗಳಿಗೆ ಹೋಗುವವು. ಬರುವ ಸೋಮವಾರ ಲೆಕ್ಕದ ಹಾಳೆಯನ್ನು ಮಹಾದ್ವಾರದಲ್ಲಿ ಅಂಟಿಸಲಾಗುವದು. ಓದು ಬಾರದವರಿಗೆ ಪ್ರಸಾದನಿಲಯದ ಹುಡುಗರು ಓದಿ ಹೇಳುವರು.

ಆ ಹುಡುಗರನ್ನು ನಿಮ್ಮ ಮುಂದೆ ಸಾಲಾಗಿ ನಿಲ್ಲಿಸುವ ಸೂಚನೆಯೂ ಬಂದಿತ್ತು. ಅದನ್ನು ಬೇಡವೆಂದೆವು. ಅವರಲ್ಲಿ ಇಬ್ಬರು ಇಂದು ತಂಬೂರಿಗೆ ಕೂಡ್ರುತ್ತಾರೆ, ಒಬ್ಬನು ಮೊದಲನೆಯ ಪ್ರಾರ್ಥನೆಯನ್ನು ಹಾಡುತ್ತಾನೆ. ಉಳಿದವರು ಅಡಿಗೆಮನೆಯಲ್ಲಿ ನಿಮ್ಮೆಲ್ಲರ ಪ್ರಸಾದದ ಸಿದ್ಧತೆಯಲ್ಲಿದ್ದಾರೆ. ಪ್ರಶ್ನೆ ಕೇಳಿದ ನಮ್ಮ ಹಿರಿಯರು ಚೀಟಿಯನ್ನು ಕೊಂಡಿಲ್ಲ. ಎರಡು ಚೀಲ ಜೋಳವನ್ನು ಉಗ್ರಾಣಕ್ಕೆ ಕಳಿಸಿ, ಹಿಂದಿನ ಸಾಲಿನಲ್ಲಿ ಬಂದು ಕುಳಿತಿದ್ದಾರೆ. ಸ್ವಯಂಸೇವಕರು ಅವರನ್ನು ಚೀಟಿ ಕೇಳಿ ತೊಂದರೆಪಡಿಸಬಾರದಾಗಿ ಪ್ರಾರ್ಥನೆ.

ತಂಬೂರಿಗಳು ಬಂದವು. ನ್ಯೂಯಾರ್ಕಿನ ಆ ಸಭೆಯಲ್ಲಿ ವಾದ್ಯಗಳ ಶ್ರುತಿ ಕೂಡಿಸುವದನ್ನೇ ಗಾಯನವೆಂದು ತಿಳಿದು ಜನರು ಚಪ್ಪಾಳೆ ಹೊಡೆದರಂತೆ. ರವಿಶಂಕರರು ನಕ್ಕು, ಶ್ರುತಿಯೇ ಇಷ್ಟು ಹಿಡಿಸಿದ್ದರೆ ನುಡಿಸುವದು ಇನ್ನೂ ಹಿಡಿಸೀತೆಂದರಂತೆ. ನಮ್ಮ ಹುಡುಗರು ಇದೇ ಮೊದಲ ಸಲ ಇಷ್ಟು ಜನರೆದುರಿಗೆ ತಂತಿ ಮುಟ್ಟುತ್ತಿದ್ದಾರೆ. ಷಡ್ಜ ಕೂಡಲು ತುಸು ಹೊತ್ತು ಹಿಡಿದರೆ ಅವಸರಪಡಿಸದೆ ಕುಳಿತುಕೊಳ್ಳಬೇಕೆಂದು ಬೇಡಿಕೊಂಡು, ನನ್ನ ಜಾಗವನ್ನು ಅವರಿಗೆ ಬಿಟ್ಟುಕೊಡುತ್ತೇನೆ.